ಮೂರು ಅಡಿಯ ತೂತು

ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಮಾತನ್ನು ನಾನು ಸಂಸಾರದುದ್ದಕ್ಕೂ ಸಮಾಧಾನಕ್ಕೆ ಬಳಸಿಕೊಂಡು ಬಂದವಳು. ತೂತನ್ನು ನೋಡುವುದಕ್ಕೆಂದೇ ಟಿಕೆಟ್ ಕೊಂಡು ಹೋಗುವ ದಿನ ಬಂದೀತೆಂದು ಎಣಿಸಿರಲಿಲ್ಲ.

ಅಮೆರಿಕದ ಯೂಟಾ ರಾಜ್ಯದಲ್ಲಿ ಮೋಯಬ್ ಎಂಬ ಸಣ್ಣ ಊರಿದೆ. ಅದರ ಪಕ್ಕದಲ್ಲಿ ಆರ್ಚಸ್ ರಾಷ್ಟ್ರೀಯ ಉದ್ಯಾನ. ಉದ್ಯಾನ ಎಂದೊಡನೆ ಲಾಲ್‌ಬಾಗನ್ನು ನೆನೆದುಕೊಂಡು ಹೊರಟರೆ ಕೆಟ್ಟಿರಿ. ಕಣ್ಣು ಹಾಯುವಷ್ಟು ದೂರ ಕೆಂಪು ಮರಳುಗಲ್ಲು, ನಡುನಡುವೆ ಮೈ ತಿರುಚಿಕೊಂಡು ನಿಂತ ಜುನಿಪರ್ ಗಿಡ, ಅಷ್ಟೆ. ಮಗ ನಮ್ಮಿಬ್ಬರನ್ನು ಕರೆದುಕೊಂಡು ಹೋದ ಭಾಗದ ಹೆಸರು ಡೆವಿಲ್ಸ್ ಗಾರ್ಡನ್, ಅಂದರೆ ಸೈತಾನನ ತೋಟ. "ಸಾಗುವಳಿ ಬಿಟ್ಟು ಎಷ್ಟು ವರ್ಷವಾಯಿತಂತೆ?" ಎಂದರು ನಮ್ಮ ಮನೆಯವರು. ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ನಿವೃತ್ತರಾದವರು. ಯಾವ ನೆಲ ಕಂಡರೂ ಮನಸ್ಸಿನಲ್ಲೇ ಪಹಣಿ ತೆಗೆಯುತ್ತಾರೆ.

ನಾವು ನೋಡಬೇಕಾಗಿದ್ದದ್ದು ಲ್ಯಾಂಡ್‌ಸ್ಕೇಪ್ ಆರ್ಚ್ ಎಂಬ ಕಲ್ಲಿನ ಕಮಾನು. ಹೋಗಿ ಬರಲು ಮೂರು ಕಿಲೋಮೀಟರಿನ ಆಸುಪಾಸು. ನನ್ನ ಮಂಡಿಗೂ ಒಪ್ಪಿಗೆಯಾಗುವ ದಾರಿ. ಚೀಲದಲ್ಲಿ ನಾಲ್ಕು ಬಾಟಲಿ ನೀರು, ಒಂದು ಡಬ್ಬಿ ಚಿತ್ರಾನ್ನ. ಇವರದ್ದು ಮಾತ್ರ ಮೊದಲಿನಿಂದಲೂ ಗೊಣಗಾಟ. "ಬಂಡೆಯಲ್ಲಿ ತೂತು ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇ? ತಿರುಮಲದಲ್ಲಿ ಶಿಲಾತೋರಣ ಇಲ್ಲವೇ? ದೇವರ ದರ್ಶನವೂ ಆಗುತ್ತಿತ್ತು, ಲಡ್ಡುವೂ ಸಿಗುತ್ತಿತ್ತು."

ಮಾತಿನಲ್ಲಿ ಹುರುಳಿತ್ತು. ನಮ್ಮವರು ಕಲ್ಲಿನ ಕಮಾನನ್ನು ಕಂಡರೆ ತೋರಣ ಎನ್ನುತ್ತಾರೆ. ತೋರಣ ಎಂದಮೇಲೆ ಆಚೆಗೊಂದು ಮನೆ, ಮನೆಯಲ್ಲೊಂದು ಮದುವೆಯೋ ಮುಂಜಿಯೋ, ಕಡೆಯ ಪಕ್ಷ ಒಂದು ಊಟ ಇದ್ದೇ ಇರಬೇಕು. ಇಲ್ಲಿ ಆಚೆಗಿರುವುದು ಬರಿಯ ಆಕಾಶ.

ಇವರ ಗೊಣಗಾಟ ನಿಂತದ್ದು ಮಗ ಒಂದು ಲೆಕ್ಕ ಹೇಳಿದಾಗ. ಈ ಉದ್ಯಾನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಮಾನುಗಳಿವೆಯಂತೆ. ಯಾವುದನ್ನು ಕಮಾನು ಎನ್ನಬೇಕು ಎಂಬುದಕ್ಕೆ ನಿಯಮವೂ ಇದೆಯಂತೆ. ಕಲ್ಲಿನಲ್ಲಿ ಈಚೆಯಿಂದ ಆಚೆಗೆ ಕಾಣುವ ತೂತು ಯಾವುದಾದರೊಂದು ದಿಕ್ಕಿನಲ್ಲಿ ಕನಿಷ್ಠ ಮೂರು ಅಡಿ ಇರಬೇಕು.

"ಕಡಿಮೆಯಾದರೆ?"

"ಬರೀ ತೂತು."

ಇವರ ಮುಖದಲ್ಲಿ ನಿವೃತ್ತಿಯ ನಂತರ ಅಪರೂಪವಾಗಿದ್ದ ಒಂದು ಕಳೆ ಬಂದಿತು. ಎರಡು ಅಡಿ ಹನ್ನೊಂದು ಅಂಗುಲದ ತೂತು ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿರುವುದೂ, ಇವರು ಕನ್ನಡಕದ ಮೇಲಿಂದ ನೋಡಿ ಅದನ್ನು ವಾಪಸು ಕಳಿಸುವುದೂ ನನ್ನ ಕಣ್ಣಿಗೆ ಕಟ್ಟಿತು.

ಆ ಹುರುಪಿನಲ್ಲಿ ಒಂದು ಬಂಡೆಯ ಹತ್ತಿರ ಹೋಗಲು ದಾರಿ ಬಿಟ್ಟು ಕಾಲು ಹಾಕಿದರು. "ಅಪ್ಪಾ, ಕಾಲು ತೆಗೆ!" ಎಂದು ಮಗ ಕೂಗಿದ. ಹಾವೆಂದು ನಾನು ಹಾರಿಬಿದ್ದೆ. ಹಾವಲ್ಲ, ಮಣ್ಣು. ಕಪ್ಪಗೆ, ಉಬ್ಬುಬ್ಬಾಗಿ, ಸೀದ ಉಪ್ಪಿಟ್ಟಿನಂತಿದ್ದ ಅದು ಜೀವವಿರುವ ಮಣ್ಣಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಪಾಚಿ, ಕಲ್ಲುಹೂವು ಎಲ್ಲ ಸೇರಿ ಮರಳನ್ನು ಹಿಡಿದು ಕೂರಿಸಿರುತ್ತವೆ. ಒಮ್ಮೆ ತುಳಿದರೆ ಮತ್ತೆ ಹಾಗಾಗಲು ಹತ್ತಾರು ವರ್ಷ ಬೇಕು. ನಮ್ಮ ಅತ್ತೆಯವರು ಮಡಿಯುಟ್ಟು ಓಡಾಡುತ್ತಿದ್ದ ಅಡುಗೆಮನೆಯೂ ಹೀಗೆಯೇ ಇತ್ತು. ಎಲ್ಲಿ ಕಾಲಿಟ್ಟರೂ ಕೂಗು. ಇವರು ಆ ಮನೆಯಲ್ಲೇ ಬೆಳೆದವರಾದ್ದರಿಂದ ತಟ್ಟನೆ ಹಿಂದೆ ಸರಿದರು.

ಕಮಾನು ಕಂಡಾಗ ಮೂವರೂ ಮಾತಾಡಲಿಲ್ಲ. ಎರಡು ಬಂಡೆಗಳ ನಡುವೆ ಕಲ್ಲಿನದೊಂದು ಪಟ್ಟಿ. ಅಗಲ ತೊಂಬತ್ತು ಮೀಟರಿನಷ್ಟು. ಅಷ್ಟುದ್ದದ ಕಲ್ಲು ಒಂದು ಕಡೆಯಲ್ಲಂತೂ ಒಂದಾಳೆತ್ತರದಷ್ಟು ದಪ್ಪಕ್ಕೆ ಇಳಿದುಬಿಟ್ಟಿದೆ. ಮೈಸೂರುಪಾಕನ್ನು ಕೊಯ್ಯುವಾಗ ಅಂಚಿನ ತುಂಡು ಸವೆದು ಸವೆದು, ಇನ್ನೇನು ಮುರಿಯಿತು ಎನ್ನುವಾಗ ಉಸಿರು ಬಿಗಿ ಹಿಡಿಯುತ್ತೇವಲ್ಲ, ಹಾಗೆ ನಿಂತೆ.

ಇದನ್ನೆಲ್ಲ ಮಾಡಿದ್ದು ನೀರು ಎಂದ ಮಗ. ವರ್ಷಕ್ಕೆ ಎಂಟು ಹತ್ತು ಅಂಗುಲ ಮಳೆ ಬೀಳುವ ಊರಿನಲ್ಲಿ ನೀರು! ನಮ್ಮ ಆಗುಂಬೆಯ ಕಡೆ ಆಷಾಢದ ಒಂದು ಹಟಮಾರಿ ದಿನ ಸುರಿದು ಮುಗಿಸುವ ಬಾಬತ್ತು ಅದು. ಆದರೆ ಕಾಲ ಬೇಕಾದಷ್ಟಿತ್ತು. ಮೂವತ್ತು ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಬತ್ತಿ ಬತ್ತಿ ದಪ್ಪನೆಯ ಉಪ್ಪಿನ ಹಾಸು ಉಳಿಯಿತು. ಅದರ ಮೇಲೆ ಮರಳು ಕೂತು ಕಲ್ಲಾಯಿತು. ಭಾರ ತಾಳಲಾರದೆ ಉಪ್ಪು ಅತ್ತಿತ್ತ ಸರಿದಾಗ ಕಲ್ಲು ಉದ್ದುದ್ದಕ್ಕೆ ಬಿರಿದು ಗೋಡೆಗಳಾಯಿತು. ಚೂರುಪಾರು ಮಳೆ ಆ ಗೋಡೆಯೊಳಗೆ ಇಳಿದು ಮರಳು ಕಣಗಳ ನಡುವಿನ ಅಂಟನ್ನು ಕರಗಿಸುತ್ತದೆ, ಚಳಿಗಾಲದ ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತದೆ, ಒಂದೊಂದೇ ಚಕ್ಕೆ ಎಬ್ಬಿಸುತ್ತದೆ.

ಈಗಲೂ ಎಬ್ಬಿಸುತ್ತಲೇ ಇದೆ. 1991ರ ಸೆಪ್ಟೆಂಬರಿನಲ್ಲಿ ಇದೇ ಕಮಾನಿನ ಕೆಳಗೆ ಕೂತಿದ್ದವರಿಗೆ ಮೇಲಿಂದ ಚಟಚಟ ಸದ್ದು ಕೇಳಿಸಿತು. ಅವರು ಎದ್ದು ಓಡಿದರು. ಹದಿನೆಂಟು ಮೀಟರ್ ಉದ್ದದ ಚಪ್ಪಡಿ ಕಳಚಿ ಬಿತ್ತು. ಆಮೇಲೆ ಕೆಳಗಿನ ದಾರಿಯನ್ನು ಮುಚ್ಚಿದರು. ನಾವು ನಿಂತದ್ದು ಬೇಲಿಯ ಈಚೆಗೆ. ಇನ್ನೂ ಮುಂದಕ್ಕೆ ವಾಲ್ ಆರ್ಚ್ ಎಂಬುದೊಂದಿತ್ತು. 2008ರ ಆಗಸ್ಟಿನ ಒಂದು ರಾತ್ರಿ ಅದು ಯಾರಿಗೂ ಹೇಳದೆ ಕುಸಿಯಿತು. ತೂತು ದೊಡ್ಡದಾದಷ್ಟೂ ಜನ ಬಂದು ನೋಡುತ್ತಾರೆ. ಇನ್ನೂ ದೊಡ್ಡದಾದರೆ ಕಲ್ಲಷ್ಟೇ ಅಲ್ಲ, ತೂತೂ ಇರುವುದಿಲ್ಲ. ಕಾವಲಿಯ ಮೇಲಿನ ದೋಸೆಗೂ ಇದೇ ಗತಿ, ಅದನ್ನು ನಾನೇ ಎಷ್ಟೋ ಬೆಳಗ್ಗೆ ಕಂಡಿದ್ದೇನೆ.

ಇಲ್ಲಿಯದೇ ಇನ್ನೊಂದು ಪ್ರಸಿದ್ಧ ಕಮಾನಾದ ಡೆಲಿಕೇಟ್ ಆರ್ಚ್ ಸವೆಯದಿರಲೆಂದು ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಬಳಿಯಬಹುದೇ ಎಂದು 1950ರ ದಶಕದಲ್ಲಿ ಅಧಿಕಾರಿಗಳು ಯೋಚಿಸಿದ್ದರಂತೆ. ಆಮೇಲೆ ಕೈಬಿಟ್ಟರಂತೆ. ಟಿವಿ ರಿಮೋಟಿಗೆ ನಾನು ಪ್ಲಾಸ್ಟಿಕ್ ಕವರು ಹಾಕಿಟ್ಟದ್ದನ್ನು ನೋಡಿ ನಗುವ ಮಗ ಈ ಕಥೆಯನ್ನು ಎಷ್ಟು ಗಂಭೀರವಾಗಿ ಹೇಳಿದನೆಂದರೆ, ನಾನೂ ಅಷ್ಟೇ ಗಂಭೀರವಾಗಿ ಕೇಳಿಸಿಕೊಂಡು, ಮನಸ್ಸಿನಲ್ಲಿ ಆ ಅಧಿಕಾರಿಗಳಿಗೊಂದು ನಮಸ್ಕಾರ ಹಾಕಿದೆ.

ಹಿಂದಿರುಗುವಾಗ ನೆರಳು ಕಂಡಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಇವರು ಬರಲಿಲ್ಲ. ದಾರಿಯ ಅಂಚಿನಲ್ಲಿ, ಮಣ್ಣಿನ ಮಡಿ ಕೆಡದಂತೆ ತುದಿಗಾಲಲ್ಲಿ ನಿಂತು, ಬಂಡೆಯೊಂದರ ತೂತಿನಲ್ಲಿ ಅಂಗೈ ಚಾಚಿ ಗೇಣು ಹಾಕುತ್ತಿದ್ದರು. ಒಂದು, ಎರಡು, ಮೂರು, ಮೇಲೆ ನಾಲ್ಕು ಬೆರಳು.

"ಎರಡೂವರೆ ಅಡಿ," ಎಂದರು ನನ್ನ ಕಡೆ ತಿರುಗಿ. "ಬರುವುದಿಲ್ಲ."

"ಒಂದೆರಡು ಸಾವಿರ ವರ್ಷ ಬಿಟ್ಟು ಬಂದು ಅಳೆಯಿರಿ. ಈಗ ಬನ್ನಿ, ಚಿತ್ರಾನ್ನ ಒಣಗುತ್ತಿದೆ," ಎಂದೆ.

ಇವರು ತೂತಿನೊಳಗೆ ಇನ್ನೊಮ್ಮೆ ಇಣುಕಿ ನೋಡಿ, ಕೈ ಒರೆಸಿಕೊಳ್ಳುತ್ತಾ ಬಂದು ಕೂತರು.