ಸತ್ಯಾಂಶ: ಹಳೆಯ ಕಾರಿಗೆ ಟರ್ಬೊ ಹಾಕಿದರೆ ಶಕ್ತಿ, ಮೈಲೇಜ್ ಎರಡೂ ಹೆಚ್ಚುತ್ತವೆಯೇ?

‘ಹಳೆಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರಿಗೆ ಟರ್ಬೊ ಜೋಡಿಸಿ, ಶಕ್ತಿಯೂ ಹೆಚ್ಚು, ಮೈಲೇಜೂ ಹೆಚ್ಚು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲರ್ಧ ನಿಜ. ಉಳಿದರ್ಧ ಹಾಗಲ್ಲ.

ವ್ಯರ್ಥವಾಗಿ ಹೊರಹೋಗುವ ಹೊಗೆಯ ರಭಸದಿಂದಲೇ ಟರ್ಬೊ ತಿರುಗುತ್ತದೆ, ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ. ಅದು ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನೂ ಸುರಿಯಬೇಕು. ಹೊಸ ಟರ್ಬೊ ಕಾರುಗಳ ಮೈಲೇಜಿನ ಗುಟ್ಟು ಬೇರೆ: ಅಲ್ಲಿ ದೊಡ್ಡ ಎಂಜಿನ್ನಿನ ಜಾಗದಲ್ಲಿ ಚಿಕ್ಕದನ್ನು ಕೂರಿಸಿರುತ್ತಾರೆ.

1298 ಸಿಸಿಯ ಮಾರುತಿ ಎಸ್ಟೀಮ್ ಅನ್ನೇ ನೋಡಿ. ಅದರ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಕ್ಲಚ್ ಯಾವುದೂ ಟರ್ಬೊ ಒತ್ತಡವನ್ನು ಎಣಿಸಿ ಮಾಡಿದ್ದಲ್ಲ. ಒತ್ತಡ ಏರಿದಾಗ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ಘಾಟಿ ಏರುವಾಗ ಬಾನೆಟ್ಟಿನಡಿ ಡಬ್ಬಿಯಲ್ಲಿ ಗೋಲಿ ಅಲುಗಿದಂತೆ ಕೇಳುವ ಸದ್ದು ಅದೇ. ಅದನ್ನು ಕಡೆಗಣಿಸಿದರೆ ಪಿಸ್ಟನ್ ತೂತಾಗಬಹುದು. ಆದ್ದರಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಆಯಿಲ್ ಪೈಪು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೊಂದಾಣಿಕೆ ಎಲ್ಲವೂ ಬೇಕು; ಬಿಲ್ಲು ಕಾರಿನ ಬೆಲೆಯನ್ನೇ ದಾಟಬಹುದು. ಶಕ್ತಿ ಹೆಚ್ಚಿದ ಕಾರನ್ನು ನಿಲ್ಲಿಸಬೇಕಾದ ಬ್ರೇಕಿನ ಮಾತು ಸಂದೇಶದಲ್ಲಿ ಎಲ್ಲೂ ಇಲ್ಲ ಎಂಬುದೇ ನನಗೆ ಹೆಚ್ಚು ಅಚ್ಚರಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. ಅಪಘಾತವಾದಾಗ ವಿಮೆಗೂ ತಕರಾರು ಬರಬಹುದು.

ಆಸೆ ಬಿಡಲಾಗದವರು ಮೊದಲು ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆಂದು ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಲಿ. ನಾಲ್ಕು ಸಿಲಿಂಡರುಗಳ ಅಂಕಿಗಳಲ್ಲಿ ಒಂದು ತೀರಾ ಕೆಳಗಿದ್ದರೆ ಆ ಹಣ ರಿಪೇರಿಗೆ ಹೋಗಲಿ, ಟರ್ಬೊಗಲ್ಲ.