ತೂಕ ನಿಂತಿದೆ ಅಂತ ನಡೆಯುವುದನ್ನು ನಿಲ್ಲಿಸಬೇಡಿ

ಕುಕ್ಕರಹಳ್ಳಿ ಕೆರೆ ಹತ್ತಿರ ಬೆಳಗ್ಗೆ ನಮ್ಮ ಜೊತೆ ವಾಕಿಂಗ್ ಬರುತ್ತಿದ್ದ ಗೆಳತಿಯೊಬ್ಬರು ಈಚೆಗೆ ಬರುವುದನ್ನೇ ಬಿಟ್ಟಿದ್ದಾರೆ. ಮೊನ್ನೆ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ ವಿಚಾರಿಸಿದೆ. "ಬಂದು ಏನು ಪ್ರಯೋಜನ ಹೇಳಿ? ಮೊದಮೊದಲು ಚೆನ್ನಾಗಿ ಇಳೀತು. ಈಗ ಎರಡು ತಿಂಗಳಿಂದ ಅಲ್ಲೇ ನಿಂತಿದೆ. ರಾತ್ರಿ ಊಟ ಬಿಟ್ಟೂ ನೋಡಿದೆ. ನನ್ನ ಮೈಯೇ ಇಷ್ಟು ಬಿಡಿ" ಅಂದರು. ಮಳೆ ಬಂದರೂ ಕೊಡೆ ಹಿಡಿದು ಬರುತ್ತಿದ್ದವರು ಅವರು. ಅಂಥವರ ಬಾಯಲ್ಲಿ ಈ ಮಾತು ಕೇಳಿ ತುಂಬಾ ಬೇಜಾರಾಯಿತು. ಅಂಗಡಿ ಮುಂದೆ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹಾಗೆ ಬೇಸತ್ತು ಕೂತವರು ಇನ್ನೂ ಎಷ್ಟು ಜನ ಇದ್ದೀರೋ, ಎಲ್ಲರಿಗೂ ಇದು.

ತೂಕ ಇಳಿಸಲು ಹೊರಟವರಿಗೆ ಒಂದು ಹಂತದಲ್ಲಿ ಅದು ನಿಂತೇ ನಿಲ್ಲುತ್ತದೆ. ಶಿಸ್ತಿನವರಿಗೂ ನಿಲ್ಲುತ್ತದೆ. ಈಗ ಬಂದಿರುವ ಸೆಮಗ್ಲುಟೈಡ್, ಟಿರ್ಜೆಪಟೈಡ್ ಥರದ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ವರ್ಷ ದಾಟಿದ ಮೇಲೆ ಇಳಿಕೆ ನಿಲ್ಲುತ್ತದೆ. ಹಾಗಿರುವಾಗ ಒಬ್ಬ ಹೆಣ್ಣುಮಗಳು ತನ್ನ ಮೈಯನ್ನೇ ಬೈದುಕೊಂಡು ಮನೆಯಲ್ಲಿ ಕೂರುವುದು ನನಗೆ ಸಹಿಸಲಾಗುವುದಿಲ್ಲ.

ಮೊದಲ ತಿಂಗಳು ಭರಭರನೆ ಇಳಿದದ್ದು ಯಾಕೆ ಅಂತ ನೋಡೋಣ. ನಾವು ತಿಂದ ಅನ್ನ, ಮುದ್ದೆಯ ಸ್ವಲ್ಪ ಭಾಗವನ್ನು ದೇಹ ಗ್ಲೈಕೋಜನ್ ಅನ್ನುವ ರೂಪದಲ್ಲಿ ಲಿವರ್‌ನಲ್ಲೂ ಸ್ನಾಯುಗಳಲ್ಲೂ ಕೂಡಿಟ್ಟುಕೊಂಡಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ಈ ದಾಸ್ತಾನು ಕರಗುತ್ತದೆ, ಜೊತೆಗೆ ಅದರ ನೀರೂ ಹೋಗುತ್ತದೆ. ಒಂದೂವರೆ, ಎರಡು ಕೆಜಿ ಹೀಗೇ ಇಳಿಯಬಹುದು. ಕೊಬ್ಬು ಅಷ್ಟು ಬೇಗ ಕರಗುವ ವಸ್ತುವಲ್ಲ. ಒಂದು ಕೆಜಿ ಕೊಬ್ಬಿನಲ್ಲಿ ಹತ್ತಿರ ಹತ್ತಿರ 7,700 ಕ್ಯಾಲೊರಿ ಇರುತ್ತದೆ. "10 ದಿನದಲ್ಲಿ 5 ಕೆಜಿ" ಅನ್ನುವ ಜಾಹೀರಾತುಗಳು ಈ ನೀರಿನ ಲೆಕ್ಕವನ್ನೇ ಕೊಬ್ಬಿನ ಲೆಕ್ಕ ಅಂತ ತೋರಿಸುತ್ತವೆ. ಮೊದಲ ತಿಂಗಳ ವೇಗವನ್ನೇ ನಾವೂ ಅಳತೆಗೋಲು ಮಾಡಿಕೊಂಡರೆ ಮೂರನೇ ತಿಂಗಳಲ್ಲಿ ಮನಸ್ಸು ಮುರಿಯದೇ ಇರುತ್ತದಾ?

ಇನ್ನೊಂದು ಕಾರಣವಿದೆ. ಹತ್ತು ಕೆಜಿ ಇಳಿದ ದೇಹಕ್ಕೆ ಮೊದಲಿನಷ್ಟು ಊಟ ಬೇಡ. ಅದೇ ದೂರ ನಡೆದರೂ ಖರ್ಚಾಗುವ ಶಕ್ತಿ ಕಡಿಮೆ. ಅದರ ಮೇಲೆ ದೇಹ ತಾನಾಗಿಯೇ ಖರ್ಚು ಬಿಗಿ ಮಾಡುತ್ತದೆ, ಸಂಬಳ ಕಡಿತವಾದ ಮನೆಯ ಹಾಗೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರೆಲ್ಲ ತಾವಾಗಿ ಒಪ್ಪಿ ಬಂದವರು. ತೂಕ ಹೆಚ್ಚುಕಡಿಮೆ ಕಾಲು ಭಾಗ ಇಳಿಯಿತು. ಸುಮ್ಮನೆ ಮಲಗಿದ್ದಾಗ ಅವರ ದೇಹ ಖರ್ಚು ಮಾಡುವ ಶಕ್ತಿ ಅದಕ್ಕಿಂತ ಜಾಸ್ತಿ, ಸುಮಾರು ಶೇ. 40ರಷ್ಟು ಇಳಿಯಿತು. ಇಡೀ ದಿನ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು. ಗಟ್ಟಿಮುಟ್ಟಾದ ಗಂಡಸರ ಕಥೆ ಇದು. ಡಯಟ್ ಮಾಡುವಾಗ ರಾತ್ರಿ ಹತ್ತು ಗಂಟೆಗೆ ಕೋಡುಬಳೆ ಡಬ್ಬಿ ನೆನಪಾದರೆ ಅದನ್ನು ಮನೋಬಲದ ಕೊರತೆ ಅನ್ನಬೇಡಿ. ಕೊಬ್ಬು ಕಡಿಮೆಯಾದಾಗ ಲೆಪ್ಟಿನ್ ಅನ್ನುವ ಹಾರ್ಮೋನ್ ಇಳಿಯುತ್ತದೆ, ಹಸಿವು ಏರುತ್ತದೆ. ಹಸಿವೆ ನಿಮ್ಮ ಮೈಯಲ್ಲೇ ಹುಟ್ಟುವಂಥದ್ದು, ನಿಮ್ಮ ಗುಣದಲ್ಲಲ್ಲ.

ಹಾಗಾಗಿಯೇ ನಾನು ಹೇಳುವುದು, ತೂಕ ನಿಂತಾಗ ಊಟವನ್ನು ಇನ್ನೂ ಕತ್ತರಿಸಲು ಹೋಗಬೇಡಿ. ಗೆಳತಿ ರಾತ್ರಿ ಊಟ ಬಿಟ್ಟರು. ಎಷ್ಟೋ ಜನ ಮಾಡುವುದು ಅದನ್ನೇ. ಹಾಗೆ ಮಾಡಿದರೆ ಸ್ನಾಯು ಕರಗುತ್ತದೆ, ಸುಸ್ತಾಗುತ್ತದೆ, ಸುಸ್ತಾದವರು ಓಡಾಡುವುದೂ ಕಡಿಮೆ. ಆಮೇಲೆ ಯಾವುದೋ ಗೃಹಪ್ರವೇಶದಲ್ಲಿ ಎರಡು ಹೋಳಿಗೆ ಹೆಚ್ಚಾಯಿತು ಅಂತ ಇಡೀ ಪ್ರಯತ್ನವನ್ನೇ ಬಿಟ್ಟುಬಿಡುತ್ತಾರೆ. ನಿಂತ ತೂಕವನ್ನು ನಿಂತಲ್ಲೇ ಹಿಡಿದಿಡುವುದು ಕೂಡ ಒಂದು ಕೆಲಸ. ಬಹಳ ದೊಡ್ಡ ಕೆಲಸ. ಇಳಿಸಿದವರಲ್ಲಿ ಹೆಚ್ಚಿನವರು ಸೋಲುವುದು ಉಳಿಸಿಕೊಳ್ಳುವುದರಲ್ಲಿ. ನಿಮ್ಮ ತೂಕ ಎರಡು ತಿಂಗಳು ಅಲ್ಲಾಡಲಿಲ್ಲ ಅಂದರೆ ಎರಡು ತಿಂಗಳು ಅದು ಏರಲೂ ಇಲ್ಲ ಅಂತ ಅರ್ಥ ಅಲ್ವಾ? ಅದನ್ನು ಯಾಕೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ?

ನನಗೆ ಇದರಲ್ಲಿ ಧೈರ್ಯ ಕೊಟ್ಟದ್ದು ಚೆನ್ನೈನ ಒಂದು ಅಧ್ಯಯನ. ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಎರಡೂವರೆ ವರ್ಷ ಗಮನಿಸಿತು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ಸಲಹೆ. ಇನ್ನೊಂದು ಗುಂಪಿಗೆ ದಿನಾ ಕನಿಷ್ಠ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಸಕ್ಕರೆ, ಎಣ್ಣೆ ಕಡಿಮೆ ಮಾಡಿ, ನಾರಿನಂಶ ಜಾಸ್ತಿ ತಿನ್ನಿ ಅಂತ ಬೆನ್ನುಬಿದ್ದು ಹೇಳಿದರು. ಮೊದಲ ಗುಂಪಿನಲ್ಲಿ ಶೇ. 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ನಡೆದ ಗುಂಪಿನಲ್ಲಿ ಶೇ. 39ರಷ್ಟು ಜನರಿಗೆ. ನಾನು ಮತ್ತೆ ಮತ್ತೆ ಓದಿದ ಭಾಗ ಇದರ ಮುಂದಿನದು. ನಡೆದ ಗುಂಪಿನವರ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ! ತೂಕದ ಮಷಿನ್ ಮೇಲೆ ನಿಂತಿದ್ದರೆ ಅವರಿಗೂ "ಏನು ಪ್ರಯೋಜನ" ಅನ್ನಿಸುತ್ತಿತ್ತು. ಆದರೆ ಒಳಗೆ ಕೆಲಸ ನಡೆಯುತ್ತಲೇ ಇತ್ತು. ನಮ್ಮ ಹಾಗೆ ಅನ್ನ, ಸಾರು, ದೋಸೆ, ಇಡ್ಲಿ ತಿನ್ನುವ ಜನರ ಮೇಲೆ ನಡೆದ ಅಧ್ಯಯನ ಅನ್ನುವುದು ನನಗೆ ಇನ್ನೂ ಮುಖ್ಯ.

ಹಾಗಾಗಿ ತೂಕದ ಜೊತೆಗೆ ಬೇರೆ ಅಳತೆಗಳನ್ನೂ ಇಟ್ಟುಕೊಳ್ಳಿ. ಟೈಲರ್ ಬಳಸುವ ಬಟ್ಟೆಯ ಟೇಪ್ ಸಾಕು. ಪಕ್ಕೆಲುಬು ಮುಗಿಯುವ ಜಾಗ ಮತ್ತು ಸೊಂಟದ ಮೂಳೆ ಇವೆರಡರ ನಡುವೆ ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಆರಾಮಾಗಿ ಉಸಿರು ಬಿಟ್ಟ ಮೇಲೆ ನೋಡಿ. ಟೇಪ್ ಬೆನ್ನ ಹಿಂದೆ ಓರೆಯಾಗಿರಬಾರದು. ನಮ್ಮ ದೇಶದವರಿಗೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ದಾಟಬಾರದು ಅಂತ ಡಾಕ್ಟರುಗಳು ಹೇಳುತ್ತಾರೆ. ನನ್ನ ತೂಕ 82ರಿಂದ 74ಕ್ಕೆ ಬಂದು ಅಲ್ಲೇ ನಿಂತಿದೆ. ಆದರೆ ನಿಂತ ಮೇಲೂ ಸೊಂಟದ ಸುತ್ತಳತೆ ಇಳಿದಿದೆ. ಬಿಗಿಯಾಗಿ ಮೂಲೆ ಸೇರಿದ್ದ ರವಿಕೆಗಳ ಹುಕ್ಕು ಈಗ ಸಲೀಸಾಗಿ ಹಾಕಲು ಬರುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಕೂಡ ಕೆಳಗೆ ಬಂದಿದೆ. ತೂಕ ಬೇಕಾದರೆ ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ಮದುವೆ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ತಿಂದ ಮಾರನೆಯ ದಿನ ಒಂದು ಕೆಜಿ ಏರಿದ್ದರೆ ಅದು ಉಪ್ಪು ಹಿಡಿದಿಟ್ಟ ನೀರು. ಮುಟ್ಟಿನ ಮುಂಚೆಯೂ ಹಾಗೇ ಆಗುತ್ತದೆ. ಅದಕ್ಕೆ ಅಳಬೇಡಿ.

ಮತ್ತೆ ಇಳಿಯಲೇಬೇಕು ಅನ್ನುವವರು ಊಟ ಬಿಡುವ ಮುಂಚೆ ಒಲೆ ಪಕ್ಕದ ಎಣ್ಣೆ ನೋಡಿ. ಶುರುವಿನಲ್ಲಿ ಚಮಚದಲ್ಲಿ ಅಳೆದು ಹಾಕುತ್ತೇವೆ, ಬರಬರುತ್ತಾ ಒಗ್ಗರಣೆಗೆ ಕೈ ಅಂದಾಜಿನಲ್ಲಿ ಬೀಳುತ್ತದೆ. ಒಂದು ಟೀ ಚಮಚ ಎಣ್ಣೆಯಲ್ಲೇ 45 ಕ್ಯಾಲೊರಿ ಇದೆ. ನಮ್ಮ ಮನೆಯಲ್ಲಿ ಎಣ್ಣೆ ಪ್ಯಾಕೆಟ್ ಒಡೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ತಲೆಗೆ ದಿನಕ್ಕೆ 20 ಗ್ರಾಂ ಅಂತ ಇಟ್ಟುಕೊಂಡರೆ ನಾಲ್ಕು ಜನರ ಮನೆಗೆ ಒಂದು ಲೀಟರ್ ಹನ್ನೊಂದು ದಿನವಾದರೂ ಬರಬೇಕು. ಏಳಕ್ಕೇ ಮುಗಿದರೆ ಉತ್ತರ ಅಲ್ಲೇ ಸಿಕ್ಕಿತು. ಇನ್ನೊಂದು, ಮಕ್ಕಳು ಬಿಟ್ಟ ದೋಸೆ, ಪಾತ್ರೆಯಲ್ಲಿ ಉಳಿದ ಚಿತ್ರಾನ್ನ. ಹಾಳಾಗುತ್ತದಲ್ಲ ಅಂತ ಅಮ್ಮಂದಿರು ನಿಂತುಕೊಂಡೇ ತಿಂದು ಮುಗಿಸುತ್ತಾರೆ, ಅದನ್ನು ಊಟ ಅಂತ ಲೆಕ್ಕ ಹಾಕುವುದಿಲ್ಲ. ಮನೆಯವರೇ, ಈ ಭಾರವನ್ನು ಅವರೊಬ್ಬರ ಮೇಲೆ ಹಾಕಬೇಡಿ. ಉಳಿದದ್ದನ್ನು ಫ್ರಿಜ್‌ನಲ್ಲಿಡಲು ನಿಮಗೂ ಕೈ ಇದೆ.

ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆ ಮಾಡಿ, ಹೆಸರುಕಾಳು ಉಸಲಿ, ಮೊಸರು, ತಿನ್ನುವವರು ಮೊಟ್ಟೆ ಸೇರಿಸಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಮಾಡಿ. ನಡಿಗೆ ಒಂದರಿಂದಲೇ ಸ್ನಾಯು ಉಳಿಯುವುದಿಲ್ಲ.

ಇನ್ನು ಹುರುಪಿನ ಮಾತು. ಹುರುಪು ದಿನಾ ಬರುವುದಿಲ್ಲ, ಅದಕ್ಕೆ ಕಾಯಬೇಡಿ ಅಂತಲೇ ನನ್ನ ಸಲಹೆ. ಕೆರೆ ಗೇಟಿನ ಹತ್ತಿರ ಆರು ಗಂಟೆಗೆ ಇಬ್ಬರು ಕಾಯುತ್ತಿರುತ್ತಾರೆ ಅನ್ನುವ ಒಂದೇ ಕಾರಣಕ್ಕೆ ನಾನು ಎಷ್ಟೋ ದಿನ ಎದ್ದಿದ್ದೇನೆ. ಜೊತೆ ಇದ್ದರೆ ಆಗುತ್ತದೆ. ನಂಟರಿಗೂ ಒಂದು ವಿನಂತಿ. "ಇಷ್ಟು ನಡೆದರೂ ಹಾಗೇ ಇದೀಯಲ್ಲೇ" ಅನ್ನಬೇಡಿ. ನಿಮಗೆ ಅದು ಸುಮ್ನೆ ಬಂದ ಮಾತು. ಕೇಳಿದವಳು ಮಾರನೆಯ ದಿನ ಶೂ ಹಾಕುವುದಿಲ್ಲ.

ನಾನಂತೂ ಈ ಸಲ ದಸರಾದಿಂದ ದೀಪಾವಳಿ ಮುಗಿಯುವವರೆಗೆ ಇಳಿಸುವ ಮಾತೇ ಬೇಡ, 74 ದಾಟದಿದ್ದರೆ ಸಾಕು ಅಂತ ತೀರ್ಮಾನಿಸಿದ್ದೇನೆ. ಹಬ್ಬದಲ್ಲಿ ಒಬ್ಬಟ್ಟು ತಿನ್ನುತ್ತೇನೆ, ನಡಿಗೆ ತಪ್ಪಿಸುವುದಿಲ್ಲ. ಅದಾದ ಮೇಲೆ ಮುಂದಿನದು.

ಗೆಳತಿಗೆ ಮತ್ತೆ ಫೋನ್ ಮಾಡಿದೆ. ವಿಪರೀತ ಸುಸ್ತು, ಕೂದಲು ಉದುರುತ್ತಿದೆ ಅಂದರು. ಹಾಗಿದ್ದರೆ ಮೊದಲು ಡಾಕ್ಟರನ್ನು ಕಂಡು ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂದೆ. ತೂಕ ನಿಲ್ಲುವುದರ ಜೊತೆ ಇಂಥ ಲಕ್ಷಣ ಇರುವವರು, ಮುಟ್ಟು ಏರುಪೇರಾದವರು, ಸ್ಟೀರಾಯ್ಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನೀವೂ ತೋರಿಸಿಕೊಳ್ಳಿ. ಗೆಳತಿ ಗುರುವಾರ ಪರೀಕ್ಷೆಗೆ ಹೋಗುತ್ತೇನೆ ಅಂದಿದ್ದಾರೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.