ಕಿಕ್ ಅಂದರೆ ಒದೆ, ಅಷ್ಟೇನಾ?

ನಿನ್ನೆ ಸಂಜೆ ಮಗಳು ಕಿರುಪರೀಕ್ಷೆಯ ಹಾಳೆ ತಂದು ತೋರಿಸಿದಳು. 'ಕಿಕ್' ಪದದ ಅರ್ಥ ಬರೆಯಿರಿ ಅಂತ ಪ್ರಶ್ನೆ. ಅವಳು ನಾಲ್ಕು ಬರೆದಿದ್ದಳು. ಒದೆಯುವುದು, ಗಾಡಿ ಸ್ಟಾರ್ಟ್ ಮಾಡಲು ತುಳಿಯುವುದು, ಚಟ ಬಿಡುವುದು, ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಗುದ್ದುವುದು. ಮೊದಲನೆಯದು ಬಿಟ್ಟು ಮೂರಕ್ಕೂ ಕೆಂಪು ಗೀಟು! ಪಕ್ಕದಲ್ಲಿ 'ಹೇಳಿಕೊಟ್ಟಿದ್ದನ್ನಷ್ಟೇ ಬರೆ' ಅಂತ ಬೇರೆ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ ನನಗೆ.

ನಮ್ಮಪ್ಪ ಫೌಜಿನಲ್ಲಿದ್ದವರು, ನಿಮಗೆಲ್ಲ ಗೊತ್ತೇ ಇದೆ. ಇಲ್ಲೇ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದವರು. ಆ ನಾಲ್ಕನೇ ಅರ್ಥ ಮೊಮ್ಮಗಳಿಗೆ ಬಂದಿದ್ದು ಅವರಿಂದ. "ರೈಫಲ್ ಹೆಗಲಿಗೆ ಒತ್ತಿ ಹಿಡೀಬೇಕವ್ವಾ, ಸಡಿಲ ಬಿಟ್ಟರ ಒದಿತೈತಿ" ಅನ್ನುತ್ತಿರುತ್ತಾರೆ. ನೋಡಿ, ಕನ್ನಡದಲ್ಲೂ ಅದೇ ಮಾತು! ಹಳೇ ಬುಲೆಟ್ ಬೈಕ್ ಕೂಡ ಹಾಗೇ. ಕಿಕ್ ಸರಿಯಾಗಿ ಹೊಡೆಯದಿದ್ದರೆ ವಾಪಸ್ ಕಾಲಿಗೇ ಒದೆಯುತ್ತದೆ. ಮಗು ಇದನ್ನೆಲ್ಲ ಮನೆಯಲ್ಲೇ ನೋಡಿ, ಕೇಳಿ ಕಲಿತಿದೆ. ಅದು ತಪ್ಪು ಹೇಗಾಗುತ್ತೆ?

ಎಷ್ಟು ದೊಡ್ಡ ಸಂಸಾರ ಆ ಪದದ್ದು! ಫುಟ್‌ಬಾಲ್‌ನಲ್ಲಿ ಗೋಲ್ ಗೆರೆಯಿಂದ 12 ಗಜ ದೂರದಲ್ಲಿ ಚೆಂಡಿಟ್ಟು ಹೊಡೆಯುವ ಪೆನಾಲ್ಟಿ ಕಿಕ್. ಕಬಡ್ಡಿ ಹುಡುಗರ ಬ್ಯಾಕ್ ಕಿಕ್, ಸೈಡ್ ಕಿಕ್. ಅದೇ 'ಸೈಡ್‌ಕಿಕ್' ಕೂಡಿಸಿ ಬರೆದರೆ ಸದಾ ಜೊತೆಗಿರುವ ಗೆಳೆಯ. 'ಕಿಕ್‌ಬ್ಯಾಕ್' ಅಂದರೆ ಗುತ್ತಿಗೆ ಕೊಡಿಸಿದವರ ಕೈಗೆ ಗುಟ್ಟಾಗಿ ಸೇರುವ ಲಂಚ. ಖಡಕ್ ಚಹಾ ಕೊಡೋದೂ ಕಿಕ್ಕೇ. 'ಕಿಕ್ ದ ಬಕೆಟ್' ಅಂದರೆ ಸಾಯುವುದು, ನಮ್ಮ 'ಗೊಟಕ್ ಅನ್ನು' ಇದ್ದ ಹಾಗೆ. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಅಚ್ಚು ಹಾಕಿಸಿದ ಆಡುಮಾತಿನ ನಿಘಂಟಿನಲ್ಲೇ ಅದು ಇದೆ. ಒಂದೇ ಅರ್ಥ ಕಲಿತ ಮಗು ಅದನ್ನು ಓದಿದರೆ ಯಾರೋ ಬಕೆಟ್ ಒದ್ದರು ಅಂತ ತಾನೇ ತಿಳಿಯೋದು?

ಜಾಸ್ತಿ ಅರ್ಥ ಹೇಳಿದರೆ ಮಕ್ಕಳಿಗೆ ಗೊಂದಲ ಆಗುತ್ತೆ ಅಂತಾರೆ. ಏನು ಗೊಂದಲ? 'ಅಪ್ಪನ ಹತ್ತಿರ ಒದೆ ತಿಂದ' ಅಂದರೆ ಕಾಲಲ್ಲೇ ಒದ್ದರು ಅಂತ ನಮ್ಮ ಯಾವ ಮಗು ತಿಳಿಯುತ್ತೆ?

ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಏಳನೇ ತರಗತಿಯಲ್ಲಿ ನನಗೂ ಹೀಗೇ ಗೀಟು ಬಿದ್ದಿತ್ತು. ಆಮೇಲೆ ಪಿಯುಸಿ ಮುಗಿಯೋವರೆಗೂ ಇಂಗ್ಲಿಷ್ ತರಗತಿಯಲ್ಲಿ ನಾನು ಕೈ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಮಗಳು ಮೆಲ್ಲಗೆ ಕೇಳಿದಳು, "ಹೊಟ್ಟೆಯೊಳಗಿನ ಪಾಪು ಒದೆಯೋದೂ ಕಿಕ್ ಅಲ್ವಾ?" ಹೌದು ಅಂದೆ. ಸೋಮವಾರ ಶಾಲೆಗೆ ಹೋಗುತ್ತೇನೆ. ಅಂಕ ಅವರೇ ಇಟ್ಟುಕೊಳ್ಳಲಿ, ಆ ಮೂರು ಗೀಟು ತೆಗೆಯಲಿ.